ಒಂದೇ ಊರಿಂದ ಒಂದೇ ಊರಿಗೆ ಎರಡು ಮೇಲ್ ಯಾಕೆ?

ರಾಯಚೂರಿನ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋ ಥರದ್ದಲ್ಲ ಅಂತ ಬೇರೆ ಎತ್ತಿಟ್ಟಿದ್ದೆ. ಪೂರ್ತಿ ಅಚ್ಚು ಹಾಕೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿ ಏನಿದೆ ಅಂತ ಹೇಳ್ಬಿಡ್ತೀನಿ. ಹೋದ ಸಂಚಿಕೆಯಲ್ಲಿ ಫ್ರಾಂಟಿಯರ್ ಮೇಲ್ ಅನ್ನೋ ಹಳೇ ರೈಲಿನ ಬಗ್ಗೆ ಬಂದ ಬರಹ ಓದಿ ಮೇಷ್ಟ್ರು ಕೇಳಿರೋದು ಇಷ್ಟು: ಬಾಂಬೆಯಿಂದ ಪೇಶಾವರಕ್ಕೆ ಅದಕ್ಕೂ ಮುಂಚೆಯಿಂದ ಪಂಜಾಬ್ ಮೇಲ್ ಓಡ್ತಿತ್ತಲ್ಲ, ಒಂದೇ ಊರಿಂದ ಒಂದೇ ಊರಿಗೆ ಇಬ್ಬರು ಕಂಪನಿಯೋರು ಎರಡು ರೈಲು ಯಾಕೆ ಓಡಿಸಿದ್ರು, ಕೊನೆಗೆ ಗೆದ್ದೋರು ಯಾರು? ಜೊತೆಗೆ ಒಂದು ತೀರ್ಮಾನನೂ ಇದೆ, "ಆಗ ಖಾಸಗಿಯವರ ಮಧ್ಯೆ ಪೈಪೋಟಿ ಇತ್ತು, ಅದಕ್ಕೇ ಎಲ್ಲಾ ಟೈಮಿಗೆ ಸರಿಯಾಗಿ ನಡೀತಿತ್ತು, ಈಗ ಸರ್ಕಾರದ್ದು, ಕೇಳೋರಿಲ್ಲ." ಕೊನೇಲಿ ಸಣ್ಣಕ್ಷರದಲ್ಲಿ, "ನಮ್ಮ ರಾಯಚೂರಿಗೂ ಈ ಜಗಳಕ್ಕೂ ಏನಾದ್ರೂ ಸಂಬಂಧ ಉಂಟಾ?"

ಉಂಟು ಮೇಷ್ಟ್ರೇ, ಚೆನ್ನಾಗೇ ಉಂಟು, ಆದ್ರೆ ಅಲ್ಲಿಗೆ ಬರೋಕೆ ಸ್ವಲ್ಪ ಸುತ್ತಬೇಕು.

ಪಂಜಾಬ್ ಮೇಲ್ ಜಿಐಪಿಯೋರದ್ದು, ಅಂದ್ರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, 1853ರ ಏಪ್ರಿಲ್ 16ಕ್ಕೆ ಬೋರಿಬಂದರಿಂದ ಠಾಣೆಗೆ ಮೊದಲ ರೈಲು ಬಿಟ್ರಲ್ಲ, ಅವರೇ. ಫ್ರಾಂಟಿಯರ್ ಮೇಲ್ ಬಿಬಿಸಿಐದು, ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ, ಎರಡು ವರ್ಷ ಆದ್ಮೇಲೆ ಹುಟ್ಟಿದ ಕಂಪನಿ. ಇವತ್ತಿನ ಲೆಕ್ಕದಲ್ಲಿ ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ ಅಂತ ಇಟ್ಕೊಳ್ಳಿ, ಎರಡಕ್ಕೂ ಆ ಹೆಸರು ಬಂದಿದ್ದು 1951ರ ನವೆಂಬರ್ 5ಕ್ಕೆ. ಬಾಂಬೆಯಲ್ಲಿ ಇವರಿಬ್ಬರ ಕಟ್ಟಡ ನೋಡಿದ್ರೆ ಗೊತ್ತಾಗತ್ತೆ ಯಾವ ಮಟ್ಟದ ಜಿದ್ದು ಅಂತ. ಜಿಐಪಿಯೋರು ಎಫ್. ಡಬ್ಲ್ಯೂ. ಸ್ಟೀವನ್ಸ್ ಅನ್ನೋ ಆರ್ಕಿಟೆಕ್ಟ್ ಕೈಲಿ ವಿಕ್ಟೋರಿಯಾ ಟರ್ಮಿನಸ್ ಕಟ್ಟಿಸಿದ್ರು, 1887ಕ್ಕೆ ವಿಕ್ಟೋರಿಯಾ ರಾಣಿಯ ಜ್ಯೂಬಿಲಿ ಅಂತ ಆ ಹೆಸರಿಟ್ರು. ಸ್ವಲ್ಪ ವರ್ಷಕ್ಕೆ ಬಿಬಿಸಿಐಯೋರು ಚರ್ಚ್‌ಗೇಟಲ್ಲಿ ತಮ್ಮ ಹೆಡ್ ಆಫೀಸ್ ಕಟ್ಟಿಸಬೇಕು ಅಂದಾಗ ಯಾರನ್ನ ಕರೆದ್ರು ಗೊತ್ತಾ, ಅದೇ ಸ್ಟೀವನ್ಸ್‌ನ! ಅದು 1899ಕ್ಕೆ ಮುಗೀತು. ವಿಟಿಯ ಗುಮ್ಮಟದ ಮೇಲೆ ಪ್ರಗತಿ ಅನ್ನೋ ಹೆಸರಲ್ಲಿ ಒಬ್ಬಳು ಪಂಜು ಹಿಡ್ಕೊಂಡು ನಿಂತಿದ್ರೆ ಚರ್ಚ್‌ಗೇಟ್ ಕಟ್ಟಡದ ಮೇಲೆ ಇನ್ನೊಬ್ಬಳು ಕೈಯಲ್ಲಿ ಪುಟಾಣಿ ಸ್ಟೀಮ್ ಇಂಜಿನ್ನೇ ಹಿಡ್ಕೊಂಡು ನಿಂತಿದಾಳೆ. ಮುಂಬೈಗೆ ಹೋದಾಗ ಕತ್ತೆತ್ತಿ ನೋಡಿ, ಮುಕ್ಕಾಲು ಪಾಲು ಮುಂಬೈಯೋರೇ ನೋಡಿರಲ್ಲ.

ಆದ್ರೆ ನಿಜವಾದ ಜಗಳ ಇದ್ದಿದ್ದು ದಾರಿ ಬಗ್ಗೆ, ಅದೂ ಪಂಜಾಬ್ ಮೇಲ್ ಹುಟ್ಟೋಕೆ ಅರವತ್ತು ವರ್ಷ ಮುಂಚೆ. ಬಾಂಬೆಯಿಂದ ಒಳನಾಡಿಗೆ ಹೋಗ್ಬೇಕಂದ್ರೆ ಎದುರಿಗೇ ಸಹ್ಯಾದ್ರಿ ಗೋಡೆ. ಜಿಐಪಿಯ ಚೀಫ್ ಇಂಜಿನಿಯರ್ ಜೇಮ್ಸ್ ಬರ್ಕ್ಲಿ, ಘಟ್ಟ ಹತ್ತಿಯೇ ಹೋಗೋಣ ಅಂದ. ಪುಣೆ ಕಡೆಗೆ ಭೋರ್ ಘಾಟ್, ನಾಶಿಕ್ ಕಡೆಗೆ ಥಲ್ ಘಾಟ್. ಆಗ ಭಾರತ ಸರ್ಕಾರದ ರೈಲ್ವೆ ಸಲಹಾ ಇಂಜಿನಿಯರ್ ಆಗಿದ್ದ ಕರ್ನಲ್ ಜೆ. ಪಿ. ಕೆನಡಿಗೆ ಈ ಕಡಿದಾದ ಏರು ಕಂಡ್ರೇ ಆಗ್ತಿರ್ಲಿಲ್ಲ. ರೈಲಿಗೆ ಏರು ಅಂದ್ರೆ ದಿನಾ ದಿನಾ ಕಲ್ಲಿದ್ದಲು ಸುಡೋ ಖರ್ಚು, ಕರಾವಳಿ ಹಿಡ್ಕೊಂಡು ಉತ್ತರಕ್ಕೆ ಹೋದ್ರೆ ಸಮತಟ್ಟು ನೆಲ ಸಿಗತ್ತೆ ಅನ್ನೋದು ಅವನ ವಾದ. ಸರ್ಕಾರಿ ಕೆಲಸ ಬಿಟ್ಟ ಮೇಲೆ ಅವನೇ ಬಿಬಿಸಿಐ ಕಂಪನಿ ಹಿಂದೆ ನಿಂತ! ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತೀವಲ್ಲ, ಇಲ್ಲಿ ಅಕ್ಷರಶಃ ಹಾಗೇ ಆಯ್ತು. ಜಿಐಪಿ ಘಟ್ಟ ಹತ್ತಿತು, ಬಿಬಿಸಿಐ ವಸಯಿ ಖಾರಿ, ತಾಪಿ, ನರ್ಮದಾ, ಮಹೀ ಅಂತ ಒಂದಾದ್ಮೇಲೊಂದು ನೀರು ದಾಟ್ಕೊಂಡು ಹೋಯ್ತು.

ಇಬ್ಬರೂ ಪಾಡು ಪಟ್ಟರು ಅನ್ನಿ. ಭರೂಚ್ ಹತ್ರ ನರ್ಮದೆಗೆ ಕಟ್ಟಿದ ಬ್ರಿಜ್ ನೆರೆ ಬಂದಾಗೆಲ್ಲ ಏಟು ತಿನ್ನೋದು, ಮತ್ತೆ ರಿಪೇರಿ, ಮತ್ತೆ ನೆರೆ, ಕೊನೆಗೆ 1881ಕ್ಕೆ ಹೊಸದೊಂದು ಕಟ್ಟಿದ್ರು, ಅದಕ್ಕೆ ಸುರಿದ ದುಡ್ಡು ನೋಡಿ ಗೋಲ್ಡನ್ ಬ್ರಿಜ್ ಅಂತಲೇ ಹೆಸರು ಬಿತ್ತು ಅಂತಾರೆ. ಈ ಕಡೆ ಭೋರ್ ಘಾಟ್ ಇದೆಯಲ್ಲ, ಸುಮಾರು 25 ಕಿಲೋಮೀಟರ್ ದಾರೀಲಿ 1,800 ಅಡಿಗೂ ಮೇಲೆ ಹತ್ತಬೇಕು, 37 ಅಡಿ ಮುಂದೆ ಹೋದ್ರೆ ಒಂದಡಿ ಮೇಲೆ. 25 ಸುರಂಗ. ಕೆಲಸ ಜೋರಾಗಿದ್ದಾಗ 40 ಸಾವಿರಕ್ಕೂ ಹೆಚ್ಚು ಕೂಲಿಗಳು ಅಲ್ಲಿದ್ರು, ಕಾಲರಾ, ಜ್ವರ, ಬಂಡೆ ಸಿಡಿತ ಅಂತ ಸಾವಿರಗಟ್ಟಲೆ ಜನ ಅಲ್ಲೇ ಸತ್ತರು, ಅವರ ಹೆಸರು ಯಾವ ಕಲ್ಲಲ್ಲೂ ಇಲ್ಲ. ಕಂಟ್ರಾಕ್ಟರ್ ಸಾಲೊಮನ್ ಟ್ರೆಡ್‌ವೆಲ್ ಅನ್ನೋನು 1859ರಲ್ಲಿ ಇಂಗ್ಲೆಂಡಿಂದ ಬಂದು ಇಳಿದ ಕೆಲವೇ ವಾರಕ್ಕೆ ತೀರ್ಕೊಂಡ. ಅವನ ಹೆಂಡತಿ ಆಲಿಸ್ ವಾಪಸ್ ಹೋಗ್ಲಿಲ್ಲ, ಗಂಡನ ಕಂಟ್ರಾಕ್ಟ್ ತಾನೇ ವಹಿಸ್ಕೊಂಡು ಇಬ್ಬರು ಇಂಜಿನಿಯರ್‌ಗಳನ್ನ ಮುಂದೆ ನಿಲ್ಲಿಸ್ಕೊಂಡು ನಡೆಸಿದ್ಲು. 1863ಕ್ಕೆ ಭೋರ್ ಘಾಟ್ ತೆರೀತು, 1865ಕ್ಕೆ ಥಲ್ ಘಾಟ್. ಬಿಬಿಸಿಐ 1864ರ ಕೊನೆಗೆ ಬಾಂಬೆ ಮುಟ್ಟಿತ್ತು.

ಈಗ ದೆಹಲಿ ವಿಷಯ. ಆಗ ದೆಹಲಿ ರಾಜಧಾನಿ ಅಲ್ಲ, ಕಲ್ಕತ್ತಾ. ಹಾಗಾಗಿ ಜಿಐಪಿಗೆ ಮುಖ್ಯವಾಗಿದ್ದು ಜಬಲ್ಪುರಕ್ಕೆ ಹೋಗಿ ಈಸ್ಟ್ ಇಂಡಿಯನ್ ರೈಲ್ವೆ ಜೊತೆ ಕೂಡಿ ಕಲ್ಕತ್ತಾ ತಲುಪೋದು, ಅದು 1870ಕ್ಕೆ ಆಯ್ತು. ಇಟಾರ್ಸಿ, ಭೋಪಾಲ್, ಝಾನ್ಸಿ, ಆಗ್ರಾ ಲೈನ್ ನಡೆಸ್ತಿದ್ದಿದ್ದು ಇಂಡಿಯನ್ ಮಿಡ್ಲೆಂಡ್ ಅನ್ನೋ ಬೇರೆ ಕಂಪನಿ, 1900ಕ್ಕೆ ಅದು ಜಿಐಪಿ ಕೈಗೆ ಬಂತು, 1904ಕ್ಕೆ ಆಗ್ರಾ ದೆಹಲಿ ಲೈನೂ ಸೇರಿ ಬಾಂಬೆಯಿಂದ ದೆಹಲಿವರೆಗೆ ಅವರದ್ದೇ ಹಳಿ ಆಯ್ತು. ಬಿಬಿಸಿಐಗೂ ದೆಹಲಿಗೆ ದಾರಿ ಇತ್ತು, ಆದ್ರೆ ಅಹಮದಾಬಾದಲ್ಲಿ ಬ್ರಾಡ್‌ಗೇಜ್, ಅಂದ್ರೆ ಅಗಲ ಹಳಿಯ ರೈಲು, ಇಳಿದು ಅಜ್ಮೀರ್ ಮೇಲೆ ಹೋಗೋ ಮೀಟರ್‌ಗೇಜ್, ಅಂದ್ರೆ ಕಿರಿದಾದ ಹಳಿಯ ರೈಲು ಹತ್ತಬೇಕು. ಟ್ರಂಕು, ಹಾಸಿಗೆ, ಆಳುಕಾಳು ಸಮೇತ ನಡುದಾರೀಲಿ ಇಳಿದು ಹತ್ತೋಕೆ ಯಾವ ಸಾಹೇಬ ಒಪ್ತಾನೆ? ಅದಕ್ಕೇ ಅವರು ರತ್ಲಾಮ್, ನಾಗ್ದಾ, ಕೋಟಾ ಮೇಲೆ ಮಥುರಾಗೆ ನೇರ ಬ್ರಾಡ್‌ಗೇಜ್ ಹಾಕಿದ್ರು, 1909-10ರ ಹೊತ್ತಿಗೆ ಅದು ತಯಾರು. ಅಷ್ಟಾಗೋದ್ರೊಳಗೆ 1911ರ ಡಿಸೆಂಬರ್ ದರ್ಬಾರಲ್ಲಿ ಐದನೇ ಜಾರ್ಜ್, ರಾಜಧಾನಿ ದೆಹಲಿಗೆ ಅಂತ ಘೋಷಣೆ ಮಾಡ್ಬಿಟ್ಟ. ಕಲ್ಕತ್ತಾ ಕಡೆ ತಿರುಗ್ತಿದ್ದ ಸಾಹೇಬರ ದಂಡು ಇನ್ಮೇಲೆ ದೆಹಲಿ ಕಡೆ ತಿರುಗತ್ತೆ ಅನ್ನೋದು ಎರಡೂ ಕಂಪನಿಗೆ ಅರ್ಥ ಆಯ್ತು.

ಆ ಸಾಹೇಬರು ಬರ್ತಿದ್ದಿದ್ದು ಹಡಗಲ್ಲಿ. ಇಂಗ್ಲೆಂಡಿಂದ ಪಿ ಅಂಡ್ ಓ ಕಂಪನಿಯ ಮೇಲ್ ಸ್ಟೀಮರ್ ಬಲ್ಲಾರ್ಡ್ ಪಿಯರಿಗೆ ಬಂದು ನಿಲ್ಲೋದು, ಅಂಚೆ ಮೂಟೆ ಮತ್ತೆ ಜನ ಇಳಿದು ಅಲ್ಲೇ ಪಕ್ಕದ ಮೋಲ್ ಸ್ಟೇಷನ್ನಲ್ಲಿ ರೈಲು ಹತ್ತೋರು. ಪಂಜಾಬ್ ಮೇಲ್, ಆಗಿನ ಹೆಸರು ಪಂಜಾಬ್ ಲಿಮಿಟೆಡ್, ಹೊರಟಿದ್ದು ಅಲ್ಲಿಂದ್ಲೇ. ಆರೇ ಬೋಗಿ, ಅದರಲ್ಲಿ ಮೂರು ಅಂಚೆಗೆ, ಮೂರು ಜನಕ್ಕೆ, ಒಟ್ಟು 96 ಪ್ರಯಾಣಿಕರು ಅಷ್ಟೇ. ಸುಮಾರು 2,500 ಕಿಲೋಮೀಟರು, 47 ಗಂಟೆ. ಥರ್ಡ್ ಕ್ಲಾಸ್ ಇರ್ಲೇ ಇಲ್ಲ, ಅದು ಬಂದಿದ್ದು 1930ರ ದಶಕದಲ್ಲಿ. ಇದು ಹೊರಟ ದಿನ 1912ರ ಜೂನ್ 1 ಅಂತ ಹೇಳ್ತಾರಲ್ಲ, ಅದು ಹೇಗೆ ಸಿಕ್ತು ಅನ್ನೋದೇ ಒಂದು ತಮಾಷೆ. ಉದ್ಘಾಟನೆಯ ದಾಖಲೆ ಯಾರ ಹತ್ರಾನೂ ಇಲ್ಲ. 1911ರ ಒಂದು ಖರ್ಚಿನ ಅಂದಾಜು ಪತ್ರ ಇದೆ, ಆಮೇಲೆ 1912ರ ಅಕ್ಟೋಬರ್‌ನಲ್ಲಿ ಯಾರೋ ಒಬ್ಬ ಪ್ರಯಾಣಿಕ ರೈಲು ದೆಹಲಿಗೆ ಕೆಲವು ನಿಮಿಷ ತಡವಾಗಿ ಬಂತು ಅಂತ ರೇಗಿ ಬರೆದ ದೂರಿದೆ. ಎರಡರ ಮಧ್ಯೆ ಲೆಕ್ಕ ಹಾಕಿ ಹುಟ್ಟುಹಬ್ಬ ಗೊತ್ತು ಮಾಡಿದಾರೆ. ಪತ್ರ ಬರೆಯೋರನ್ನ ಹಗುರಾಗಿ ತಗೋಬಾರ್ದು ಅಂತ ನಾನು ನಮ್ಮ ಆಫೀಸಲ್ಲಿ ಸುಮ್ಮನೆ ಹೇಳಲ್ಲ.

ಬಿಬಿಸಿಐಯೋರು ಹದಿನಾರು ವರ್ಷ ಕಾದು 1928ರ ಸೆಪ್ಟೆಂಬರ್ 1ಕ್ಕೆ ಫ್ರಾಂಟಿಯರ್ ಮೇಲ್ ಬಿಟ್ರು. ಅದರ ಠಾಕುಠೀಕು ಹೋದ ಸಂಚಿಕೆಯಲ್ಲೇ ಬಂದಿರೋದ್ರಿಂದ ಇಲ್ಲಿ ಬೇಡ. 1930ರ ದಶಕದ ಮಧ್ಯದಲ್ಲಿ ನೆಲದ ಕೆಳಗಿನ ಪೆಟ್ಟಿಗೇಲಿ ಐಸ್ ಗಡ್ಡೆ ತುಂಬಿ, ಗಾಳಿ ಅದರ ಮೇಲೆ ಹಾಯಿಸಿ ಬೋಗಿ ತಣ್ಣಗೆ ಮಾಡ್ತಿದ್ರು, ಐಸ್ ಕರಗ್ತಿದ್ದ ಹಾಗೆ ಮುಂದಿನ ಸ್ಟೇಷನ್ನಲ್ಲಿ ಮತ್ತೆ ತುಂಬೋದು. 1941ರ ಜನವರಿಯಲ್ಲಿ ಸುಭಾಷ್ ಚಂದ್ರ ಬೋಸ್ ಪೊಲೀಸರ ಕಣ್ಣು ತಪ್ಪಿಸಿ ದೇಶ ಬಿಟ್ಟಾಗ ದೆಹಲಿಯಿಂದ ಪೇಶಾವರಕ್ಕೆ ಹೋಗಿದ್ದೂ ಇದೇ ರೈಲಲ್ಲಿ, ಸಾಹೇಬರಿಗೆ ಅಂತ ಮಾಡಿದ ರೈಲಲ್ಲೇ!

ಇನ್ನೊಂದು ಮಾತು, ದೆಹಲಿ ದಾಟಿದ ಮೇಲೆ ಈ ಎರಡೂ ರೈಲು ಹೋಗ್ತಿದ್ದಿದ್ದು ನಾರ್ತ್ ವೆಸ್ಟರ್ನ್ ರೈಲ್ವೆಯ ಕೈಯಲ್ಲಿ. ಪೇಶಾವರದವರೆಗೆ ಪೈಪೋಟಿ ಅನ್ನೋದು ಬೋರ್ಡಲ್ಲಿ ಬರೆಯೋ ಮಾತು, ನಿಜವಾದ ಕುಸ್ತಿ ಬಾಂಬೆಯಿಂದ ದೆಹಲಿವರೆಗೆ ಮಾತ್ರ.

ಆ ಕುಸ್ತೀಲಿ ಗೆದ್ದಿದ್ದು ಬಿಬಿಸಿಐ ಅಂತ ನನ್ನ ಲೆಕ್ಕ, ಆದ್ರೆ 1928ರಲ್ಲಿ ಗೆದ್ದಿದ್ದಲ್ಲ, ಕೆನಡಿ ಘಟ್ಟ ಬೇಡ ಅಂದಾಗ್ಲೇ ಅರ್ಧ ಗೆದ್ದಾಗಿತ್ತು. ಬರೋಡಾ ರತ್ಲಾಮ್ ಮೇಲೆ ಬಾಂಬೆ ದೆಹಲಿ ಸುಮಾರು 1,385 ಕಿಲೋಮೀಟರ್, ಭೋಪಾಲ್ ಝಾನ್ಸಿ ಮೇಲೆ ಹೋದ್ರೆ 150 ಕಿಲೋಮೀಟರ್ ಜಾಸ್ತಿ, ಜೊತೆಗೆ ಥಲ್ ಘಾಟ್. ಇವತ್ತಿಗೂ ಸಿಎಸ್‌ಎಂಟಿ, ಅಂದ್ರೆ ಅದೇ ಹಳೇ ವಿಕ್ಟೋರಿಯಾ ಟರ್ಮಿನಸ್‌ನಿಂದ ನಾಶಿಕ್ ಕಡೆ ಹೋಗೋ ರೈಲು ಕಸಾರಾದಲ್ಲಿ ನಿಲ್ಲತ್ತೆ. ಹತ್ತೋರು ಇಳಿಯೋರು ಹೆಚ್ಚಿಲ್ಲ, ನಿಲ್ಲೋದು ಬ್ಯಾಂಕರ್, ಅಂದ್ರೆ ಹಿಂದಿನಿಂದ ತಳ್ಳೋ ಇಂಜಿನ್‌ಗೋಸ್ಕರ. ನಾವು ಕಿಟಕಿ ಪಕ್ಕ ಕೂತು ವಡಾಪಾವ್ ಬಿಚ್ತಿರ್ತೀವಿ, ಹಿಂದಿನಿಂದ ದಢ್ ಅಂತ ಒಂದು ಗುದ್ದು, ಕೈಯಲ್ಲಿದ್ದ ಟೀ ತುಳುಕತ್ತೆ, ಹೊಸಬರು ಏನಾಯ್ತು ಅಂತ ಗಾಬರಿಯಾಗಿ ನೋಡ್ತಾರೆ, ದಿನಾ ಓಡಾಡೋರು ಪೇಪರ್‌ನಿಂದ ತಲೆನೂ ಎತ್ತಲ್ಲ. ಹಿಂದೆ ಜೋಡಿಸಿದ ಇಂಜಿನ್ನುಗಳು ಇಗತ್ಪುರಿವರೆಗೆ ತಳ್ಕೊಂಡು ಹೋಗಿ ಕಳಚ್ಕೊಳ್ತಾವೆ. ಜಿಐಪಿಯೋರು ಸುಮ್ನೆ ಕೂತಿರ್ಲಿಲ್ಲ, ಆ ಘಟ್ಟಕ್ಕೋಸ್ಕರನೇ 1929-30ಕ್ಕೆ ಪುಣೆ, ಇಗತ್ಪುರಿವರೆಗೆ ಕರೆಂಟ್ ಎಳೆದ್ರು, ರೈಲ್ವೆ ಜನ ಖೇಕ್ಡಾ, ಅಂದ್ರೆ ಏಡಿ, ಅಂತ ಕರೀತಿದ್ದ ಎಲೆಕ್ಟ್ರಿಕ್ ಇಂಜಿನ್ ತಂದ್ರು, 1930ರ ಜೂನ್ 1ಕ್ಕೆ ಪುಣೆಗೆ ಡೆಕ್ಕನ್ ಕ್ವೀನ್ ಬಿಟ್ರು. ಆಗ ಸಮತಟ್ಟು ನೆಲದ ಬಿಬಿಸಿಐ ಕರೆಂಟ್ ಎಳೆದಿದ್ದು ಬೋರಿವಿಲಿವರೆಗಿನ ಲೋಕಲ್ ಲೈನಿಗೆ ಮಾತ್ರ. ಕಷ್ಟ ಇದ್ದೋನಿಗೇ ಹೊಸ ವಿದ್ಯೆ ಬರೋದು ಅನ್ನಿಸತ್ತೆ ನನಗೆ. ಇಷ್ಟಾದ್ರೂ ಸ್ವಾತಂತ್ರ್ಯ ಬಂದ ಮೇಲೆ 1972ರಲ್ಲಿ ಬಾಂಬೆ ದೆಹಲಿ ರಾಜಧಾನಿ ಎಕ್ಸ್‌ಪ್ರೆಸ್ ಹಾಕುವಾಗ ಯಾವ ದಾರಿ ಆರಿಸಿದ್ರು? ಬಾಂಬೆ ಸೆಂಟ್ರಲ್‌ನಿಂದ ಬಿಬಿಸಿಐ ದಾರಿ. ಜಿಐಪಿ ದಾರಿಗೆ ರಾಜಧಾನಿ ಬಂದಿದ್ದು 2019ರ ಜನವರಿಯಲ್ಲಿ, ಅದಕ್ಕೂ ಮುಂದೊಂದು ಹಿಂದೊಂದು ಇಂಜಿನ್ ಕಟ್ಟಿದಾರೆ, ಕಸಾರಾದಲ್ಲಿ ಬ್ಯಾಂಕರ್‌ಗೆ ಅಂತ ನಿಲ್ಲೋ ಟೈಮ್ ಉಳೀಲಿ ಅಂತ.

ಇನ್ನು ನಿಮ್ಮ ತೀರ್ಮಾನ ಮೇಷ್ಟ್ರೇ, ಇಲ್ಲಿ ನಾನು ಒಪ್ಪಲ್ಲ. ಖಾಸಗಿ ಪೈಪೋಟಿ ಅಂದ್ರಲ್ಲ, ಈ ಕಂಪನಿಗಳಿಗೆ ಮೊದಲ ದಿನದಿಂದ ಸರ್ಕಾರದ ಗ್ಯಾರಂಟಿ ಇತ್ತು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5 ಲಾಭ ಬರ್ಲಿಲ್ಲ ಅಂದ್ರೆ ಕಡಿಮೆ ಬಿದ್ದಿದ್ದನ್ನ ಸರ್ಕಾರ ಭರ್ತಿ ಮಾಡ್ಕೊಡ್ಬೇಕು, ಅಂದ್ರೆ ನಮ್ಮ ಮುತ್ತಜ್ಜಂದಿರು ಕಟ್ಟಿದ ಕಂದಾಯದಿಂದ. ನೆಲಾನೂ ಪುಕ್ಕಟೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ, ಷೇರುದಾರರು ಲಂಡನ್ನಲ್ಲಿ. ಅದಕ್ಕಿಂತ ಮಜಾ ಕೇಳಿ, ಸರ್ಕಾರ ಜಿಐಪಿಯನ್ನ 1900ಕ್ಕೇ ಕೊಂಡುಕೊಂಡಿತ್ತು, ಬಿಬಿಸಿಐಯನ್ನ 1905ರ ಕೊನೆಗೆ. ಕಂಪನಿಗಳು ಆಮೇಲೆ ಬರೀ ನಡೆಸೋ ಗುತ್ತಿಗೆಯೋರು. ಜಿಐಪಿಯ ಆ ಗುತ್ತಿಗೇನೂ 1925ರ ಜುಲೈ 1ಕ್ಕೆ ಮುಗಿದು ಸರ್ಕಾರನೇ ನಡೆಸ್ತಿತ್ತು, ಬಿಬಿಸಿಐಯದ್ದು 1942ಕ್ಕೆ ಮುಗೀತು. ಅಂದ್ರೆ 1928ರಲ್ಲಿ ಫ್ರಾಂಟಿಯರ್ ಮೇಲ್ ತೊಡೆ ತಟ್ಟಿದ್ದು ಒಂದು ಸರ್ಕಾರಿ ರೈಲಿನ ಎದುರಿಗೆ, ತಾನು ಓಡ್ತಿದ್ದ ಹಳಿನೂ ಸರ್ಕಾರದ್ದೇ. ಮಾಲೀಕ ಒಬ್ಬನೇ, ಅಂಗಡಿ ಎರಡು.

ಟೈಮಿಗೆ ಬರ್ತಿತ್ತು ಅನ್ನೋದು ನಿಜ. ಫ್ರಾಂಟಿಯರ್ ಮೇಲ್ ಶುರುವಾದ ಮರುವರ್ಷ ಒಂದ್ಸಲ ಹದಿನೈದು ನಿಮಿಷ ತಡ ಆಗಿದ್ದಕ್ಕೆ ಡ್ರೈವರ್‌ನ ಕರೆದು ವಿವರಣೆ ಕೇಳಿದ್ರು ಅನ್ನೋ ಕಥೆ ರೈಲ್ವೆಯೋರು ಇವತ್ತಿಗೂ ಹೇಳ್ತಾರೆ. ಆದ್ರೆ ಯಾರಿಗೋಸ್ಕರ? ಮೂರು ಬೋಗಿ ಜನ, ಬಾಕಿ ಅಂಚೆ, ಅಂಥ ರೈಲು ಬರತ್ತೆ ಅಂದ್ರೆ ಉಳಿದಿದ್ದನ್ನೆಲ್ಲ ಲೂಪ್ ಲೈನಿಗೆ, ಅಂದ್ರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹಾಕಿ ದಾರಿ ಬಿಡಿಸೋದು. ಆ ಲೂಪಲ್ಲಿ ಕಾಯ್ತಾ ನಿಂತಿದ್ದ ಪ್ಯಾಸೆಂಜರ್ ರೈಲಿನ ಥರ್ಡ್ ಕ್ಲಾಸ್ ಜನದ ಟೈಮ್ ಯಾರು ಬರೆದಿಟ್ರು? ರೈಲ್ವೆಗೆ ಟಿಕೆಟ್ ದುಡ್ಡಲ್ಲಿ ಹೆಚ್ಚು ಪಾಲು ಬರ್ತಿದ್ದಿದ್ದು ಅವರಿಂದ್ಲೇ.

ಇಲ್ಲಿಗೆ ನಿಮ್ಮ ರಾಯಚೂರು ಬಂತು ನೋಡಿ. ಪುಣೆ ಕಡೆಯಿಂದ ಸೋಲಾಪುರ, ಕಲಬುರಗಿ, ವಾಡಿ ದಾಟಿ ಬಂದ ಜಿಐಪಿ ಹಳಿ, ಮದ್ರಾಸಿಂದ ಬಂದ ಮದ್ರಾಸ್ ರೈಲ್ವೆ ಹಳಿ, ಎರಡೂ 1871ರಲ್ಲಿ ಕೂಡಿದ್ದು ನಿಮ್ಮೂರಲ್ಲಿ. ಬಾಂಬೆ ಮದ್ರಾಸ್ ಮೇಲ್‌ಗೆ ಅಲ್ಲೀವರೆಗೆ ಒಂದು ಕಂಪನಿ, ಆಮೇಲೆ ಇನ್ನೊಂದು, ಅದು 1908ರ ನಂತರ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯ್ತು. ಆದ್ರೆ ಈ ದಾರೀಲಿ ಪೈಪೋಟಿ ಇಲ್ಲ. ಬೆಂಗಳೂರಿನೋರಿಗಾದ್ರೆ ಬಾಂಬೆಗೆ ಎರಡು ದಾರಿ, ಗುಂತಕಲ್ ಮೇಲೆ ರಾಯಚೂರು ಹಿಡಿದು ಜಿಐಪಿ, ಇಲ್ಲಾ ಹರಿಹರ, ಹುಬ್ಬಳ್ಳಿ, ಬೆಳಗಾವಿ ಮೇಲೆ ಮೀಟರ್‌ಗೇಜಲ್ಲಿ ಪುಣೆವರೆಗೆ. (ಇವತ್ತೂ ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಾರಿ, ಚಾಲುಕ್ಯ ಎಕ್ಸ್‌ಪ್ರೆಸ್ ಇನ್ನೊಂದು.) ರಾಯಚೂರು, ಯಾದಗಿರಿ, ಕಲಬುರಗಿಯೋರಿಗೆ ಮಾತ್ರ ಜಿಐಪಿ ಬಿಟ್ರೆ ಗತಿ ಇಲ್ಲ.

1917ರ ಸೆಪ್ಟೆಂಬರಲ್ಲಿ ಗಾಂಧೀಜಿ ಬಾಂಬೆಯಿಂದ ಮದ್ರಾಸಿಗೆ ಇದೇ ಮೇಲ್‌ನಲ್ಲಿ ಥರ್ಡ್ ಕ್ಲಾಸ್ ಟಿಕೆಟ್ ತಗೊಂಡು ಹೋದ್ರು, ಆಮೇಲೆ ಪತ್ರಿಕೆಗಳಿಗೆ ಒಂದು ಉದ್ದ ಪತ್ರ ಬರೆದ್ರು. 22 ಜನಕ್ಕೆ ಅಂತ ಬರೆದ ಡಬ್ಬಿ, ಅದೂ ಕೂರೋಕೆ ಮಾತ್ರ, ಎರಡು ರಾತ್ರಿ ಹಾಗೇ ಕಳೀಬೇಕು. ಪುಣೆವರೆಗೆ ಗಟ್ಟಿಗರು ಬಾಗಿಲಲ್ಲಿ ನಿಂತು ಬೇರೆಯೋರನ್ನ ತಡೆದಿದ್ದಕ್ಕೆ ಹೇಗೋ ಉಳ್ಕೊಂಡ್ರು. ಆದ್ರೆ ರಾಯಚೂರು ಮುಟ್ಟಿದ ಮೇಲೆ ನೂಕುನುಗ್ಗಲು ತಡೆಯೋಕಾಗದ ಹಾಗಾಯ್ತು, ಗಾರ್ಡು ಮತ್ತೆ ರೈಲ್ವೆ ಆಳುಗಳು ಬಂದಿದ್ದು ಇನ್ನಷ್ಟು ಜನಾನ ಒಳಗೆ ತಳ್ಳೋಕೆ ಮಾತ್ರ ಅಂತ ಬರೀತಾರೆ. ಊರಿನ ಹೆಸರು ಹಾಕೇ ಬರೆದಿದಾರೆ. ಅದೇ ಜಿಐಪಿ, ಅದೇ ಕಾಲದಲ್ಲಿ, ಇನ್ನೊಂದು ಲೈನಲ್ಲಿ 96 ಜನರ ಪಂಜಾಬ್ ಲಿಮಿಟೆಡ್ ಓಡಿಸ್ತಿತ್ತು. ಹಡಗಿನ ಸಾಹೇಬನಿಗೆ ಇದಿಲ್ಲಾಂದ್ರೆ ಅದು ಅನ್ನೋ ಆಯ್ಕೆ ಇತ್ತು, ಅದಕ್ಕೇ ಅವನಿಗೆ ಡೈನಿಂಗ್ ಕಾರು, ಐಸ್ ಗಾಳಿ. ರಾಯಚೂರು ಪ್ಲಾಟ್‌ಫಾರ್ಮಲ್ಲಿ ಗಂಟು ಹೊತ್ತು ನಿಂತೋರಿಗೆ ಇರ್ಲಿಲ್ಲ. ಪೈಪೋಟಿ ಒಳ್ಳೇದೋ ಕೆಟ್ಟದ್ದೋ ಅನ್ನೋಕೆ ಮುಂಚೆ ಅದು ಯಾರಿಗೋಸ್ಕರ ನಡೀತಿತ್ತು ಅಂತ ಕೇಳ್ಬೇಕು ಅನ್ನೋದು ಇದಕ್ಕೇ.

ಪತ್ರದ ಹಿಂಬದಿಯಲ್ಲಿ ಇನ್ನೊಂದು ಕೇಳಿದ್ರಿ, ಆ ಹಳೇ ದಾರಿ ನೋಡ್ಬೇಕಂದ್ರೆ ಈಗ ಯಾವ ರೈಲು ಹಿಡೀಬೇಕು ಅಂತ. ಪಂಜಾಬ್ ಮೇಲ್ ಇನ್ನೂ ಇದೆ, ದೇಶ ಒಡೆದ ಮೇಲೆ ಫಿರೋಜ್‌ಪುರಕ್ಕೇ ನಿಲ್ಲತ್ತೆ. ಫ್ರಾಂಟಿಯರ್ ಮೇಲ್ ಅಮೃತಸರದವರೆಗೆ, 1996ರಿಂದ ಗೋಲ್ಡನ್ ಟೆಂಪಲ್ ಮೇಲ್ ಅಂತ ಹೆಸರು. ಆದ್ರೆ ನೀವು ಮುಂಬೈಗೇ ಹೋಗ್ಬೇಕಾಗಿಲ್ಲ. ರಾಯಚೂರಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಸೋಲಾಪುರ, ದೌಂಡ್ ದಾಟಿ ಮನ್ಮಾಡ್ ಮುಟ್ಟಿದ ಮೇಲೆ ಭುಸಾವಳ್, ಇಟಾರ್ಸಿ, ಭೋಪಾಲ್, ಝಾನ್ಸಿ, ಆಗ್ರಾ, ದೆಹಲಿವರೆಗೆ ಪೂರ್ತಿ ಪಂಜಾಬ್ ಮೇಲ್ ದಾರಿ. ನಮ್ಮ ರೈಲು ಘಟ್ಟದ ಮೇಲ್ಗಡೆಯಿಂದಲೇ ಹೋಗೋದ್ರಿಂದ ಕಸಾರಾ ಗುದ್ದು ಮಾತ್ರ ಸಿಗಲ್ಲ. ಬಿಬಿಸಿಐ ದಾರಿ ನೋಡ್ಬೇಕಂದ್ರೆ ಹುಬ್ಬಳ್ಳಿಗೆ ಹೋಗಿ ಜೋಧ್‌ಪುರ ಕಡೆ ಹೋಗೋ ರೈಲು ಹಿಡೀರಿ, ವಸಯಿ ದಾಟಿದ ಮೇಲೆ ಕಿಟಕಿ ಪಕ್ಕ ಕೂತ್ಕೊಳ್ಳಿ, ಭರೂಚಲ್ಲಿ ನರ್ಮದೆ ಬರುವಾಗ ಎಚ್ಚರವಾಗಿರಿ, ಗೋಲ್ಡನ್ ಬ್ರಿಜ್ ಪಕ್ಕದಲ್ಲೇ ಕಾಣತ್ತೆ.

ನಿಮ್ಮ ತಂದೆಯವರ ಕಾಲದ ಟೈಮ್‌ಟೇಬಲ್ ಪುಸ್ತಕ ಮನೇಲಿದೆ ಅಂತ ಬರೆದಿದೀರಲ್ಲ, ಅಂಚೇಲಿ ಕಳಿಸ್ಬೇಡಿ, ರಾಯಚೂರು ಇರೋ ಪುಟಗಳ ಫೋಟೋ ತೆಗೆದು ಕಳಿಸಿದ್ರೆ ಸಾಕು, ಮುಂದಿನ ಸಂಚಿಕೇಲಿ ಹಾಕ್ತೀವಿ.

- ಸಂ.